ಪಿಯು ಅಂಕ ಕಡಿಮೆ ಬಂತೇ? ಮೊದಲು ಸ್ಕ್ಯಾನ್ ಪ್ರತಿ ತರಿಸಿ

ದ್ವಿತೀಯ ಪಿಯು ಫಲಿತಾಂಶ ಬಂದ ದಿನ ಹಾಸನದ ಸೈಬರ್ ಸೆಂಟರ್‌ಗಳಲ್ಲಿ ಕೇಳಿಬರುವ ಮೊದಲ ಮಾತು, 'ರೀವ್ಯಾಲ್ಯುಯೇಷನ್ ಹಾಕೋಣ'. ಆದರೆ ನೇರವಾಗಿ ಹಾಕಲು ಬರುವುದಿಲ್ಲ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆದವರಿಗಷ್ಟೇ ಮರುಮೌಲ್ಯಮಾಪನಕ್ಕೆ ಅವಕಾಶ. ಈ ನಿಯಮ ಮಕ್ಕಳಿಗೆ ಒಳ್ಳೆಯದೇ.

ಎಸ್ಸೆಸ್ಸೆಲ್ಸಿ, ಪಿಯು ಎರಡೂ ಪರೀಕ್ಷೆಗಳನ್ನು ಈಗ ನಡೆಸುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಅಲ್ಲಿಗೆ ಹೋಗಬೇಕಿಲ್ಲ. ಮಂಡಳಿಯ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟು, ವಿಷಯ ಆರಿಸಿ, ಹಣ ಕಟ್ಟಿದರಾಯಿತು. ಇತ್ತೀಚಿನ ವರ್ಷಗಳಲ್ಲಿ ಸ್ಕ್ಯಾನ್ ಪ್ರತಿಗೆ ವಿಷಯವೊಂದಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1670 ರೂಪಾಯಿ ಇತ್ತು. ಈ ವರ್ಷದ ಶುಲ್ಕ, ಕೊನೆಯ ದಿನಾಂಕವನ್ನು ಅಧಿಸೂಚನೆಯಲ್ಲೇ ನೋಡಿಕೊಳ್ಳಿ. ಹೆತ್ತೂರು, ಹಾನುಬಾಳು ಕಡೆ ನೆಟ್‌ವರ್ಕ್ ಕೈಕೊಡುವ ಊರುಗಳವರು ಕೊನೆಯ ದಿನದವರೆಗೆ ಕಾಯಲೇಬೇಡಿ.

ಪ್ರತಿ ಕೈಗೆ ಬಂದ ಮೇಲೆ ನಿಜವಾದ ಕೆಲಸ. ಮುಖಪುಟದ ಅಂಕಗಳ ಕೋಷ್ಟಕವನ್ನು ಒಳಪುಟಗಳ ಜೊತೆ ಪ್ರಶ್ನೆವಾರು ತಾಳೆ ನೋಡಿ. 27ನೇ ಪ್ರಶ್ನೆಗೆ ಒಳಗೆ 3 ಕೊಟ್ಟು ಕೋಷ್ಟಕದಲ್ಲಿ ಖಾಲಿ ಬಿಟ್ಟಿದ್ದರೆ ಅದು ಎಣಿಕೆಯ ತಪ್ಪು, ಮರುಎಣಿಕೆಗೆ ಶುಲ್ಕವಿಲ್ಲ. ಪುಟ ಬಿಟ್ಟು ಮುಂದುವರಿಸಿದ ಉತ್ತರ, ಕೊನೆಯ ಹಾಳೆಯ ಲೆಕ್ಕ, ಗ್ರಾಫ್, ಇವುಗಳ ಮೇಲೆ ಮೌಲ್ಯಮಾಪಕರ ಗುರುತು ಇದೆಯೇ ನೋಡಿ. ಬಳಿಕ ಮಾದರಿ ಉತ್ತರ ಇಟ್ಟುಕೊಂಡು ಆ ವಿಷಯದ ಉಪನ್ಯಾಸಕರ ಬಳಿ ಕೂತು ಓದಿಸಿ. 'ಚೆನ್ನಾಗಿ ಬರೆದಿದ್ದೆ' ಎಂಬ ನೆನಪಿಗಿಂತ ಅವರ ಪೆನ್ಸಿಲ್ ಗುರುತು ನಂಬಬಹುದು. ಹಂತವಾರು ಅಂಕ ಎಲ್ಲಿ ತಪ್ಪಿದೆ ಎಂದು ಅವರು ಬೊಟ್ಟು ಮಾಡಿ ತೋರಿಸಿದರೆ ಮಾತ್ರ 1670 ಖರ್ಚು ಮಾಡಿ. ಕೂಲಿ ಮನೆಯ ಮಗುವಿಗೆ ಅದು ಸಣ್ಣ ಮೊತ್ತವಲ್ಲ.

ವಿಜ್ಞಾನದವರು ಇನ್ನೊಂದು ಮಾತು ಗಮನಿಸಿ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯು ಅಂಕಗಳದ್ದು ಶೇ 50 ಪಾಲು. ಹಾಗಾಗಿ ಹೆಚ್ಚಿದ ಅಂಕವನ್ನು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಗಮನಕ್ಕೆ ತರುವುದನ್ನು ಮರೆಯಬೇಡಿ.

ಮರುಮೌಲ್ಯಮಾಪನದ ಫಲಿತಾಂಶ ಕಾಯುತ್ತಾ ಅದೇ ವರ್ಷದ ಎರಡನೇ ಅವಕಾಶವಾದ ಪರೀಕ್ಷೆ-2 ಬಿಟ್ಟುಬಿಡುವುದಂತೂ ಬೇಡವೇ ಬೇಡ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಅದರ ನೋಂದಣಿ ಕಾಲೇಜಿನ ಮೂಲಕ. ಪ್ರಾಂಶುಪಾಲರನ್ನು ಅದೇ ವಾರ ಕಾಣಿ.