ಕೆನಡಾ ಎಲೆಕ್ಷನ್ನು, ಅಮೆರಿಕಾ ಗಲಾಟೆ, ನಮ್ಮ ಮಕ್ಕಳು: ಹೊಸಬರಿಗೆ ಮಾರ್ಗದರ್ಶಿ

ಬಾಡಿಗೆ ಮನೆ, ಹೆಲ್ತ್ ಕಾರ್ಡು, ಸ್ನೋ ಟೈರು ಇದರ ಬಗ್ಗೆ ಹೇಳೋಕೆ ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದಾರೆ, ಎಲೆಕ್ಷನ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲ್ಲ, ಪಿಆರ್‌ನವರಿಗೆ (ಸಿಟಿಜನ್ ಆಗದೆ ಕಾಯಂ ವಾಸದ ಅನುಮತಿ ಇರೋರಿಗೆ) ವೋಟೇ ಇಲ್ವಲ್ಲ ನಮಗ್ಯಾಕೆ ಅಂತ. ಆದ್ರೆ ಮಕ್ಕಳು ಸ್ಕೂಲಿಗೆ ಸೇರಿದ್ರೆ ವಿಷಯ ಮನೆಗೇ ಬರುತ್ತೆ. ಫೆಡರಲ್ ಎಲೆಕ್ಷನ್ (ಇಡೀ ದೇಶದ ಸಂಸತ್ತಿನದ್ದು) ಟೈಮಲ್ಲಿ ಸಾವಿರಾರು ಸ್ಕೂಲುಗಳಲ್ಲಿ ಸ್ಟೂಡೆಂಟ್ ವೋಟ್ ನಡೆಯುತ್ತೆ, ಸಿವಿಕ್ಸ್ ಅನ್ನೋ ಸಂಸ್ಥೆ ನಡೆಸೋದು. ನಿಜವಾದ ಕ್ಯಾಂಡಿಡೇಟ್‌ಗಳ ಹೆಸರಿರೋ ಬ್ಯಾಲೆಟ್ಟು, ಅಡ್ಡ ಪರದೆ, ಡಬ್ಬ ಎಲ್ಲಾ ಇರುತ್ತೆ. ಇದು ಅಣಕು ಚುನಾವಣೆ, ಹಾಗಾಗಿ ನಿಮ್ಮ ಮಗು ಸಿಟಿಜನ್ ಅಲ್ಲದಿದ್ರೂ ಪರವಾಗಿಲ್ಲ, ಹೆದರಬೇಡಿ. 2025ರಲ್ಲಿ ದೊಡ್ಡೋರು ಲಿಬರಲ್‌ಗೆ ಹೆಚ್ಚು ಸೀಟು ಕೊಟ್ರೆ ಮಕ್ಕಳ ವೋಟಲ್ಲಿ ಕನ್ಸರ್ವೇಟಿವ್ ಮುಂದಿತ್ತು, ಅಂದ್ರೆ ಮನೇಲಿ ಅಪ್ಪ ಅಮ್ಮ ಹೇಳಿದ್ದೇ ಮಕ್ಕಳು ಒತ್ತುತ್ತಾರೆ ಅಂತ ಅಂದ್ಕೋಬೇಡಿ.

ತೊಂದ್ರೆ ಏನಂದ್ರೆ ಮಕ್ಕಳ ತಲೆ ತುಂಬ ಅಮೆರಿಕಾನೇ ಇರೋದು. ಫೋನಲ್ಲಿ ಬರೋದೆಲ್ಲ ಅಲ್ಲಿಂದೇ. ಅಮೆರಿಕಾ ಎಲೆಕ್ಷನ್‌ಗೆ ಪೆನ್ಸಿಲ್ವೇನಿಯಾ ರಾಜ್ಯ ಯಾಕೆ ಮುಖ್ಯ ಅಂತ ಹೈಸ್ಕೂಲ್ ಹುಡುಗ ಪಟಪಟ ಹೇಳ್ತಾನೆ, ನಮ್ಮ ಎಂಪಿ ಯಾರೋ ಅಂದ್ರೆ ಮುಖ ನೋಡ್ತಾನೆ. ಬಣ್ಣದಲ್ಲೂ ಗೊಂದಲ, ಅಲ್ಲಿ ಕೆಂಪು ಅಂದ್ರೆ ರಿಪಬ್ಲಿಕನ್, ಇಲ್ಲಿ ಕೆಂಪು ಲಿಬರಲ್ಲು, ಕನ್ಸರ್ವೇಟಿವ್‌ದು ನೀಲಿ. ಬೀದಿ ತುಂಬ ಕೆಂಪು ಲಾನ್ ಸೈನ್ ನೋಡಿ ಇದು ಟ್ರಂಪ್ ಏರಿಯಾನಾ ಅಂತ ಕೇಳಿದ ಮಕ್ಕಳೂ ಇದಾರೆ.

ನನ್ನ ಪ್ರಕಾರ ಮಕ್ಕಳಿಗೆ ಕೆನಡಾನ ಅಮೆರಿಕಾ ಕಡೆಯಿಂದ ಅರ್ಥ ಮಾಡ್ಸೋಕೆ ಹೋಗ್ಲೇಬೇಡಿ, ಲೋಕಸಭೆ ಕಡೆಯಿಂದ ಹೇಳಿ, ಹತ್ತು ನಿಮಿಷದಲ್ಲಿ ಆಗೋಗುತ್ತೆ. ಇಲ್ಲೂ ಪ್ರಧಾನಿಗೆ ಅಂತ ಯಾರೂ ವೋಟು ಹಾಕಲ್ಲ, ತಮ್ಮ ಕ್ಷೇತ್ರದ ಎಂಪಿಗೆ ಹಾಕೋದು, ಕ್ಷೇತ್ರನ ಇಲ್ಲಿ ರೈಡಿಂಗ್ ಅಂತಾರೆ. ಒಟ್ಟು 343 ಸೀಟು, ಬಹುಮತಕ್ಕೆ 172. 2025ರ ಏಪ್ರಿಲ್ 28ಕ್ಕೆ ಲಿಬರಲ್‌ಗೆ ಬಂದಿದ್ದು 169, ಆದ್ರೂ ಸರ್ಕಾರ ಅವರದ್ದೇ. ಲಿಬರಲ್ ನಾಯಕ ಮಾರ್ಕ್ ಕಾರ್ನಿ ಅದಕ್ಕೂ ಮುಂಚೆ ಮಾರ್ಚಲ್ಲೇ ಪ್ರಧಾನಿ ಆದ್ರು, ಆಗ ಅವರು ಎಂಪಿನೇ ಅಲ್ಲ. ಅಮೆರಿಕಾ ನೋಡಿ ಬೆಳೆದ ಮಕ್ಕಳಿಗೆ ಇದು ವಿಚಿತ್ರ, ನಮಗೇನಿಲ್ಲ, 1996ರಲ್ಲಿ ದೇವೇಗೌಡರು ಪ್ರಧಾನಿ ಆದಾಗ ಸಂಸತ್ತಿನ ಯಾವ ಸದನದಲ್ಲೂ ಇರ್ಲಿಲ್ಲ, ಆಮೇಲೆ ರಾಜ್ಯಸಭೆಗೆ ಹೋದ್ರು. ಕಾರ್ನಿ ನಿಂತು ಗೆದ್ದ ನೆಪಿಯನ್ ಇದ್ಯಲ್ಲ, ಅದು ಅದುವರೆಗೂ ನಮ್ಮ ಶಿರಾ ಕಡೆಯ ಚಂದ್ರ ಆರ್ಯ ಅವರ ಕ್ಷೇತ್ರ, 2022ರಲ್ಲಿ ಕೆನಡಾ ಸಂಸತ್ತಲ್ಲಿ ಕನ್ನಡ ಮಾತಾಡಿದ್ರಲ್ಲ ಅವರೇ, 2025ರಲ್ಲಿ ಪಕ್ಷ ಅವರಿಗೆ ಟಿಕೆಟ್ ಕೊಡ್ಲಿಲ್ಲ. ವಿರೋಧ ಪಕ್ಷ ಕನ್ಸರ್ವೇಟಿವ್‌ನ ನಾಯಕ ಪೊಲಿಯೆವ್ ಅದೇ ಚುನಾವಣೆಲಿ ತಮ್ಮ ಕಾರ್ಲ್‌ಟನ್ ಸೀಟನ್ನೇ ಕಳ್ಕೊಂಡು, ಆಗಸ್ಟಲ್ಲಿ ಆಲ್ಬರ್ಟಾದ ಬೈ ಎಲೆಕ್ಷನ್‌ಲಿ ಗೆದ್ದು ವಾಪಸ್ ಬಂದ್ರು. ಆ ಕಾರ್ಲ್‌ಟನ್‌ ಬ್ಯಾಲೆಟ್ಟಲ್ಲಿ 91 ಹೆಸರು, ಹೆಚ್ಚುಕಮ್ಮಿ ಒಂದು ಮೀಟರ್ ಉದ್ದ, ಅದನ್ನ ಮಡಚಿ ಮಡಚಿ ಡಬ್ಬಕ್ಕೆ ತುರುಕಬೇಕು! ಇಲ್ಲಿ ಇವಿಎಂ ಇಲ್ಲ ರೀ, ಪೆನ್ಸಿಲ್ಲಲ್ಲಿ ಗುರುತು ಹಾಕೋದು, ಕೈಯಲ್ಲಿ ಎಣಿಸೋದು.

ಪಕ್ಷಾಂತರದ ವಿಷಯದಲ್ಲಿ ಮಾತ್ರ ನಮ್ಮ ಹೋಲಿಕೆ ಕೆಲಸ ಮಾಡಲ್ಲ. ಇಲ್ಲಿ ಫೆಡರಲ್ ಮಟ್ಟದಲ್ಲಿ ಪಕ್ಷಾಂತರ ನಿಷೇಧ ಕಾಯ್ದೆನೇ ಇಲ್ಲ. 2025ರ ನವೆಂಬರಲ್ಲಿ ನೋವಾ ಸ್ಕೋಷಿಯಾದ ಒಬ್ಬ ಕನ್ಸರ್ವೇಟಿವ್ ಎಂಪಿ ಎದ್ದು ಲಿಬರಲ್ ಕಡೆ ಹೋಗಿ ಕೂತ್ರು, ರಾಜೀನಾಮೆ ಇಲ್ಲ, ಮರುಚುನಾವಣೆ ಇಲ್ಲ, ರೆಸಾರ್ಟ್ ಅಂತೂ ಇಲ್ವೇ ಇಲ್ಲ.

ಇನ್ನು ಓದೋಕೆ ಬಂದಿರೋ ಹುಡುಗ ಹುಡುಗೀರು. ಇವರ ಹತ್ರ ಕೂತು ಕೇಳಿದ್ರೆ ಮೊದಲು ಬರೋ ಮಾತು ಇಲ್ಲಿ ರಾಜಕೀಯ ಸಪ್ಪೆ ಅಂತ. ನಿಜಾನೇ, ಅಮೆರಿಕಾದಲ್ಲಿ ಒಬ್ಬ ಅಧ್ಯಕ್ಷನ ಆಯ್ಕೆಗೆ ಒಂದೂವರೆ ಎರಡು ವರ್ಷ ಪ್ರಚಾರ, ಇಲ್ಲಿ 2025ರಲ್ಲಿ ಮಾರ್ಚ್ 23ಕ್ಕೆ ಘೋಷಣೆ ಆಗಿ ಏಪ್ರಿಲ್ 28ಕ್ಕೆ ಮುಗಿದೋಯ್ತು. ಸಪ್ಪೆ ಇದ್ರೇನೇ ಒಳ್ಳೇದು ಅಂತ ನಾನು. ಎರಡನೇದು ಸ್ವಲ್ಪ ನೋವಿನ ಮಾತು: ಮನೆ ಬಾಡಿಗೆ ಏರಿದ್ದಕ್ಕೆ ನಾವು ಕಾರಣ ಅಂತಾರೆ, 2024ರಲ್ಲಿ ಸ್ಟಡಿ ಪರ್ಮಿಟ್‌ಗೆ ಕ್ಯಾಪ್ ಹಾಕಿದ್ರು, ಡಿಬೇಟಲ್ಲಿ ನಮ್ಮ ವಿಷಯ ಬರುತ್ತೆ ಆದ್ರೆ ನಮ್ಮ ಹತ್ರ ವೋಟು ಕೇಳೋಕೆ ಯಾರೂ ಬರಲ್ಲ ಅಂತ. ಇದಕ್ಕೆ ನಮ್ಮ ಹತ್ರ ಉತ್ತರ ಇಲ್ಲ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳದ್ದು ಇನ್ನೊಂದು ಕಥೆ, ಟ್ರಂಪ್ ಕೆನಡಾನ ಅಮೆರಿಕಾದ 51ನೇ ರಾಜ್ಯ ಅಂದಾಗ, ಟ್ಯಾರಿಫ್ ಹಾಕಿದಾಗ, ಅಲ್ಲಿವರೆಗೆ ಅಮೆರಿಕಾನೇ ಎಲ್ಲಾ ಅಂತಿದ್ದವರು ರಾತ್ರೋರಾತ್ರಿ ಕೆನಡಿಯನ್ ಆಗ್ಬಿಟ್ರು, ಅಂಗಡಿಲಿ ಯಾವ ದೇಶದ್ದು ಅಂತ ಟೊಮೆಟೊ ಸ್ಟಿಕ್ಕರ್ ತಿರುಗಿಸಿ ತಿರುಗಿಸಿ ನೋಡೋಕೆ ಶುರು ಮಾಡಿದ್ರು. 2025ರ ಜನವರಿಲಿ ಸಮೀಕ್ಷೆಗಳಲ್ಲಿ ತೀರಾ ಹಿಂದೆ ಬಿದ್ದಿದ್ದ ಲಿಬರಲ್ ಏಪ್ರಿಲಲ್ಲಿ ಎದ್ದು ನಿಂತಿದ್ದಕ್ಕೆ ಆ ಸಿಟ್ಟೂ ಒಂದು ಕಾರಣ.

ಈಗ ಕೆಲಸದ ಮಾತು. ವೋಟು ಹಾಕೋಕೆ ಸಿಟಿಜನ್ ಆಗಿರಬೇಕು, 18 ತುಂಬಿರಬೇಕು, ಪಿಆರ್ ಕಾರ್ಡ್ ಸಾಲಲ್ಲ. ಟ್ಯಾಕ್ಸ್ ರಿಟರ್ನ್ ತುಂಬೋವಾಗ ಎಲೆಕ್ಷನ್ಸ್ ಕೆನಡಾ (ಇಲ್ಲಿನ ಚುನಾವಣಾ ಆಯೋಗ) ಅಂತ ಒಂದು ಭಾಗ ಬರುತ್ತೆ, ಸಿಟಿಜನ್ನಾ ಅಂತ ಕೇಳುತ್ತೆ, ಮೊದಲನೇ ಸಲ ತುಂಬೋ ಸ್ಟೂಡೆಂಟ್ಸ್ ಎಲ್ಲದಕ್ಕೂ ಯೆಸ್ ಒತ್ತಿಕೊಂಡು ಹೋಗ್ತಾರೆ, ದಯವಿಟ್ಟು ಅಲ್ಲಿ ನೋ ಕೊಟ್ಟು ಮುಂದೆ ಹೋಗಿ. ಪಿಆರ್ ಇದ್ರೆ ಪಕ್ಷಗಳಿಗೆ ಡೊನೇಷನ್ ಕೊಡಬಹುದು, ದೊಡ್ಡ ಪಕ್ಷಗಳಲ್ಲಿ ಮೆಂಬರ್ ಆಗಿ ಕ್ಯಾಂಡಿಡೇಟ್ ಆಯ್ಕೆಲೂ ವೋಟು ಹಾಕಬಹುದು. ಸ್ಟಡಿ ಪರ್ಮಿಟ್‌ನವರು ಡೊನೇಷನ್ ಕೊಡೋ ಹಾಗಿಲ್ಲ, ವಾಲಂಟಿಯರ್ ಆಗಿ ಮನೆ ಮನೆ ತಿರುಗಬಹುದು. ಇನ್ನೂ ಭಾರತದ ಪಾಸ್‌ಪೋರ್ಟೇ ಇದ್ರೆ ನಿಮ್ಮ ವೋಟು ಊರಲ್ಲೇ ಇದೆ, ಫಾರಂ 6ಎ ತುಂಬಿ ಅನಿವಾಸಿ ಮತದಾರ ಅಂತ ಸೇರಿಸ್ಕೋಬಹುದು, ಆದ್ರೆ ವೋಟು ಹಾಕೋಕೆ ಖುದ್ದು ಹೋಗಬೇಕು. ಸಿಟಿಜನ್‌ಶಿಪ್‌ಗೆ ಐದು ವರ್ಷದಲ್ಲಿ 1,095 ದಿನ ಇಲ್ಲಿ ಇರಬೇಕು, ಪಿಆರ್‌ಗೆ ಮುಂಚಿನ ಒಂದೊಂದು ದಿನಕ್ಕೂ ಅರ್ಧ ದಿನದ ಲೆಕ್ಕ, ಹೆಚ್ಚಂದ್ರೆ 365 ದಿನ ಸಿಗುತ್ತೆ. ಸಿಟಿಜನ್ ಆಗಿರೋ ಮಕ್ಕಳು 14ಕ್ಕೇ ಮುಂದಿನ ಮತದಾರರ ಪಟ್ಟಿಗೆ ಹೆಸರು ಕೊಡಬಹುದು, 18 ತುಂಬಿದಾಗ ಮತ್ತೆ ಓಡಾಡೋ ತಾಪತ್ರಯ ಇರಲ್ಲ.

ಒಂಟಾರಿಯೋದವರು ಇನ್ನೊಂದು ತಿಳ್ಕೊಂಡಿರಿ, ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಥರ) ಡಗ್ ಫೋರ್ಡ್ ಪಕ್ಷ ಬೇರೆ, ಪೊಲಿಯೆವ್ ಪಕ್ಷ ಬೇರೆ, ಎರಡೂ ನೀಲಿನೇ ಆದ್ರೂ. ಆಸ್ಪತ್ರೆ, ಸ್ಕೂಲು ಬಗ್ಗೆ ದೂರು ಇದ್ರೆ ಒಟ್ಟಾವಾ ಸಂಸತ್ತಲ್ಲಿರೋ ಎಂಪಿಗಲ್ಲ, ಪ್ರಾಂತ್ಯದ ಎಂಪಿಪಿಗೆ (ನಮ್ಮ ಎಂಎಲ್‌ಎ ಥರ) ಬರೀರಿ, ಎಂಪಿಗೆ ಬರೆದ್ರೆ ಅವರ ಆಫೀಸಿನವರು ಇದು ನಮ್ಮದಲ್ಲ ಅಂತಾನೇ ಉತ್ತರ ಕೊಡೋದು. ವೀಸಾ, ಪಿಆರ್ ತಡ ಆಗಿದ್ರೆ ಮಾತ್ರ ಎಂಪಿ ಆಫೀಸೇ ಸರಿ, ಅದಕ್ಕೆ ನೀವು ವೋಟರ್ ಆಗಿರಬೇಕಿಲ್ಲ, ಅವರ ರೈಡಿಂಗಲ್ಲಿ ವಾಸ ಇದ್ರೆ ಸಾಕು.