ಕ್ಷಮಿಸದೆಯೇ ಅಪ್ಪನನ್ನು ನೋಡಿಕೊಂಡ ಬಗೆ

ಕುಡಿಯುವ ತಂದೆಯ ಮನೆಯಲ್ಲಿ ಬೆಳೆದವರಿಗೆ ಆ ಮನೆ ಹೇಗಿರುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಅಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಸದ್ದು ಒಂದೇ ಸಲಕ್ಕೆ ಕೇಳಿಸಿದರೆ ಊಟಕ್ಕೆ ಕೂರಬಹುದು, ತಡವರಿಸಿ ಎರಡು ಮೂರು ಸಲ ಕೇಳಿಸಿದರೆ ತಂಗಿಯನ್ನು ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ದಾಟಿಸಬೇಕು ಎಂಬಂಥ ಲೆಕ್ಕ ನಿಮಗೂ ಒಂದಲ್ಲ ಒಂದು ರೂಪದಲ್ಲಿ ಗೊತ್ತಿರುತ್ತದೆ. ನಾನು ಬರೆಯಹೊರಟಿರುವುದು ಅದರ ಮುಂದಿನದನ್ನು: ಮುದುಕರಾದ ಆ ತಂದೆಯನ್ನು ಕ್ಷಮಿಸದೆಯೇ ನಾಲ್ಕೈದು ವರ್ಷಗಳಿಂದ ಹೇಗೆ ನೋಡಿಕೊಳ್ಳುತ್ತಿದ್ದೇನೆ ಎಂಬುದನ್ನು. ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ಮಾಡುವ ಸೇವೆ ಆರು ತಿಂಗಳೂ ನಿಲ್ಲದು ಎಂದು ದೊಡ್ಡಪ್ಪ, ಸೋದರಮಾವ, ಕೊನೆಗೆ ನನ್ನ ಹೆಂಡತಿ ಕೂಡ ಹೇಳಿದ್ದರು. ನಿಂತಿದೆ.

ಅಪ್ಪ ಅರಸೀಕೆರೆಯ ಕಡೆ ಹೆಸರಿದ್ದ ಬಡಗಿ. ಕೂಲಿ ಚೆನ್ನಾಗಿಯೇ ಬರುತ್ತಿತ್ತು, ಮನೆಗೆ ಮಾತ್ರ ಬರುತ್ತಿರಲಿಲ್ಲ. ಅಮ್ಮ ರಾಗಿಹಿಟ್ಟಿನ ಡಬ್ಬದಲ್ಲಿ ಹುದುಗಿಸಿಟ್ಟ ಪರೀಕ್ಷೆಯ ಫೀಸು, ಬಚ್ಚಲಿನ ತಾಮ್ರದ ಹಂಡೆ, ಹೀಗೆ ಒಂದೊಂದಾಗಿ ಹೋದವು. ಅಮ್ಮನ ಎಡಗೈ ಮಣಿಕಟ್ಟು ಇಂದಿಗೂ ಪೂರ್ತಿ ಮಡಚುವುದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಆದರೆ ಅಪ್ಪ ಪ್ಯಾಕೆಟ್ ಬಿಟ್ಟು ಕ್ವಾರ್ಟರ್ ಬಾಟಲಿ ಹಿಡಿದರು, ಖರ್ಚು ಇನ್ನೂ ಹೆಚ್ಚಿತು.

ಕೈಕೊಟ್ಟ ಉಪಾಯಗಳನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಹಣ ಹೋದದ್ದು ಅಲ್ಲಿಯೇ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ ಮೇಲೆ ಅಪ್ಪ ಏಳೆಂಟು ತಿಂಗಳು ಮುಟ್ಟಲಿಲ್ಲ. ಯುಗಾದಿಯ ಮರುದಿನ ಹೊಸತೊಡಕಿಗೆ ನಮ್ಮ ಬಂಧುಗಳೇ ಕರೆದೊಯ್ದು ಕುಡಿಸಿದರು; ಅದಕ್ಕೆ ಶಿಬಿರವನ್ನು ದೂರುವಂತಿಲ್ಲ. ಆಮೇಲೆ ಒಂದು ಖಾಸಗಿ ಕೇಂದ್ರಕ್ಕೆ ಸುಮಾರು ನಲವತ್ತು ಸಾವಿರ ಕಟ್ಟಿದೆ. ಅಲ್ಲಿ ಕೂಡಿಹಾಕುವುದನ್ನೇ ಚಿಕಿತ್ಸೆ ಎನ್ನುತ್ತಿದ್ದರು. ಅಪ್ಪ ಸೊರಗಿ, ಸಿಟ್ಟು ತುಂಬಿಕೊಂಡು ಬಂದರು, ಅದೇ ವಾರ ಬಾಟಲಿ ಹಿಡಿದರು. ‘ಅವರಿಗೆ ತಿಳಿಯದಂತೆ ಬಿಡಿಸಿ’ ಎಂಬ ಜಾಹೀರಾತಿನ ಪುಡಿಯನ್ನು ಅಮ್ಮ ಸಾರಿನಲ್ಲಿ ಬೆರೆಸಿದ್ದೂ ಉಂಟು. ಮುಖ ಕೆಂಪೇರಿ, ವಾಂತಿಯಾಗಿ, ಬೆವರು ಸುರಿಯತೊಡಗಿದಾಗ ಆಸ್ಪತ್ರೆಗೆ ಓಡಿದೆವು. ಅದರಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧಿ ಇದ್ದಿರಬಹುದು. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು, ರೋಗಿಗೆ ತಿಳಿಸದೆ ಎಂದೂ ಕೊಡಬಾರದು ಎಂದು ವೈದ್ಯರು ಗದರಿಸಿದರು.

ಇನ್ನೊಮ್ಮೆ ಸೋದರಮಾವ ಅಪ್ಪನನ್ನು ಕೋಣೆಯಲ್ಲಿ ಹಾಕಿ ಬೀಗ ಜಡಿದರು. ಮೂರನೆಯ ದಿನ ಕೈಕಾಲು ನಡುಗಿ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಒರೆಸತೊಡಗಿದರು. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಹೀಗಾಗುವುದುಂಟು, ಅದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ಬಿ1 ವಿಟಮಿನ್) ಚುಚ್ಚುಮದ್ದು ಕೊಡುತ್ತಾರೆ ಎಂಬುದನ್ನೂ ಅಲ್ಲಿಯೇ ಕಲಿತೆ. ಒಟ್ಟಾರೆ ಎರಡೂವರೆ ಲಕ್ಷದವರೆಗೆ ಹೋಗಿರಬಹುದು.

ದಾರಿ ಸಿಕ್ಕಿದ್ದು ಬೆದರಿಕೆಯಿಂದ. ನಾನು ತುಮಕೂರಿನಲ್ಲಿ ಕೆಲಸಕ್ಕೆ ನಿಂತು ಅಮ್ಮನನ್ನು ಕರೆತಂದ ಮೇಲೆ, ತಂದೆಯನ್ನು ಬೀದಿಪಾಲು ಮಾಡಿದೆನೆಂದು ದೊಡ್ಡಪ್ಪ ಹಿರಿಯ ನಾಗರಿಕರ ಕಾಯಿದೆಯ ಹೆಸರು ಹೇಳಿದರು. ನಾನು 2007ರ ಆ ಕಾಯಿದೆಯನ್ನು ತರಿಸಿ ಓದಿದೆ. ಅದು ಮಕ್ಕಳಿಂದ ಕೇಳುವುದು ಊಟ, ಬಟ್ಟೆ, ವಸತಿ ಮತ್ತು ವೈದ್ಯೋಪಚಾರವನ್ನು. ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಮಿತಿಯನ್ನೂ ಹಾಕಿದೆ. ಪ್ರೀತಿಯನ್ನಾಗಲಿ ಕ್ಷಮೆಯನ್ನಾಗಲಿ ಎಲ್ಲಿಯೂ ಕೇಳಿಲ್ಲ. ಈ ನಾಲ್ಕನ್ನು ನಾನು ಯಾರ ಬಾಯಿಗೂ ಸಿಗದಂತೆ ಮಾಡಬಲ್ಲೆ, ಐದನೆಯದರ ವಿಚಾರವನ್ನು ಯಾರೊಡನೆಯೂ ಮಾತನಾಡುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ.

ಅರಸೀಕೆರೆಯಲ್ಲಿ ಒಂದು ಕೋಣೆ ಹಿಡಿದೆ, ಬಾಡಿಗೆ ಎರಡೂವರೆ ಸಾವಿರದ ಆಸುಪಾಸು. ಮೊದಲು ದಿನಸಿ ತುಂಬಿಸಿಟ್ಟಿದ್ದೆ. ಅಪ್ಪ ಅಕ್ಕಿಯನ್ನೂ ಕುಕ್ಕರನ್ನೂ ಮಾರಿದರು. ಆದ್ದರಿಂದ ಮೆಸ್ಸಿನಲ್ಲಿ ಲೆಕ್ಕ ಬರೆಸಿದೆ. ಊಟದ ಬದಲು ದುಡ್ಡು ಕೊಡಬಾರದೆಂದು ಮಾಲೀಕರ ಹತ್ತಿರ ಮಾತು ತೆಗೆದುಕೊಂಡೆ. ಔಷಧಿ ಅಂಗಡಿಗೂ ಹಾಗೆಯೇ ನೇರವಾಗಿ ಕಟ್ಟುತ್ತೇನೆ. ತಿಂಗಳಿಗೆ ಎಂಟರಿಂದ ಒಂಬತ್ತು ಸಾವಿರ ಬೀಳುತ್ತದೆ, ಒಂದು ರೂಪಾಯಿಯೂ ಅವರ ಕೈಗೆ ಹೋಗುವುದಿಲ್ಲ. ಭೇಟಿ ಬೆಳಗಿನ ರೈಲಿಗೆ ಹೋಗಿ ಹತ್ತು ಗಂಟೆಯೊಳಗೆ ಮುಗಿಯಬೇಕು, ವಾಸನೆ ಬಂದರೆ ಬಾಗಿಲಿನಿಂದಲೇ ಹಿಂತಿರುಗಬೇಕು. ಬಂಧುಗಳು ಮದುವೆ ಮನೆಗಳಲ್ಲಿ ‘ಎಷ್ಟಾದರೂ ಹೆತ್ತ ತಂದೆ’ ಎಂದು ಆರಂಭಿಸಿದರೆ ಹೇಳಲು ಒಂದು ವಾಕ್ಯವಿದೆ. ಅದನ್ನು ಇಲ್ಲಿ ಬರೆದರೆ ಅವರೂ ಓದಿ ಉತ್ತರ ಸಿದ್ಧಮಾಡಿಕೊಳ್ಳುತ್ತಾರೆ, ಹಾಗಾಗಿ ಬರೆಯುವುದಿಲ್ಲ. ಅಪ್ಪನನ್ನು ನಿಮ್ಹಾನ್ಸ್‌ಗೆ ಹೋಗಲು ಒಪ್ಪಿಸಿದ ಉಪಾಯವನ್ನೂ ಸದ್ಯ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಅದನ್ನು ಇನ್ನೊಂದು ಮನೆಯಲ್ಲಿ ಬಳಸುವುದಿದೆ.

ಅಲ್ಲಿ ಎರಡು ಮೂರು ವಾರ ದಾಖಲಾದರು, ಆಮೇಲೆ ಔಷಧಿ ಮತ್ತು ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು. ಬಿಟ್ಟು ಈಗ ಮೂರು ವರ್ಷ ದಾಟಿದೆ. ಎಲ್ಲರೂ ಇನ್ನಾದರೂ ನನ್ನ ಮನಸ್ಸು ಕರಗುತ್ತದೆಂದು ಕಾದರು, ಆದದ್ದು ತದ್ವಿರುದ್ಧ. ಕುಡಿದ ಅಪ್ಪನ ಮೇಲೆ ಇದ್ದದ್ದು ಹೆದರಿಕೆ, ಕುಡಿಯದ ಅಪ್ಪನ ಮೇಲೆ ಸಿಟ್ಟು ಬಂದಿತು. ನೆಟ್ಟಗೆ ಕೂತು, ಮೆತ್ತಗೆ ಮಾತನಾಡುತ್ತ, ತಟ್ಟೆಯನ್ನು ತಾವೇ ತೊಳೆದಿಡುವ ಈ ಮನುಷ್ಯ ಹೀಗಿರಲು ಸಾಧ್ಯವಿತ್ತೆಂದ ಮೇಲೆ, ತಂಗಿಗೆ ಎಂಟು ವರ್ಷವಾಗಿದ್ದಾಗ ಏಕೆ ಹೀಗಿರಲಿಲ್ಲ? ಕುಡಿತ ಕಾಯಿಲೆಯೆಂದು ವೈದ್ಯರು ವಿವರಿಸಿದ್ದನ್ನು ನಾನು ಒಪ್ಪುತ್ತೇನೆ. ಕಾಯಿಲೆಗೆ ಔಷಧಿ ಕೊಡಿಸಿದ್ದೇನೆ. ಬೆಲ್ಟ್ ಹಿಡಿದ ಕೈಯ ಲೆಕ್ಕ ಬೇರೆ.

ಈ ಸಿಟ್ಟಿಗಾಗಿ ಕೆಲವು ಪ್ರಯೋಗ ಮಾಡಿದೆ. ಕಾಗದ ಬರೆದು ಸುಡಬೇಕೆಂದು ಯಾರೋ ಹೇಳಿದರು. ಸುಟ್ಟೆ, ಏನೂ ಆಗಲಿಲ್ಲ. ಬದಲಿಗೆ ಒಂದು ನೋಟುಪುಸ್ತಕದಲ್ಲಿ ನೆನಪಿದ್ದ ಘಟನೆಗಳನ್ನೆಲ್ಲ ಬರೆದು ಅಮ್ಮನಿಂದ ತಿದ್ದಿಸಿದೆ. ನಾನು ಮರೆತದ್ದನ್ನು ಅವರು ಸೇರಿಸಿದರು, ನಾನು ದೊಡ್ಡದು ಮಾಡಿದ್ದನ್ನು ಕಡಿಮೆ ಮಾಡಿದರು. ಇದು ಕೆಲಸ ಮಾಡಿತು: ಬರೆದಿಟ್ಟ ಮೇಲೆ ರಾತ್ರಿ ಎಣಿಸುತ್ತ ಮಲಗುವುದು ತಪ್ಪಿತು. ಕುಡುಕರ ಮನೆಯವರಿಗಾಗಿ ಇರುವ ಅಲ್-ಅನಾನ್ ಸಭೆಗೂ ಕೆಲವು ಸಲ ಹೋದೆ. ಕುಡಿತಕ್ಕೆ ನಾವು ಕಾರಣರಲ್ಲ, ಅದನ್ನು ಹತೋಟಿಗೆ ತರುವುದೂ ಗುಣಪಡಿಸುವುದೂ ನಮ್ಮಿಂದಾಗದು ಎಂಬ ಅವರ ಮಾತು ತಂಗಿಗೆ ನನಗಿಂತ ಹೆಚ್ಚು ಉಪಯೋಗವಾಯಿತು.

ಅನಾನಿಮಸ್‌ನವರ ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು ತಾನು ನೋಯಿಸಿದವರ ಪಟ್ಟಿ ಮಾಡುವುದು, ಒಂಬತ್ತನೆಯದು ಅವರಿಗೆ ಇನ್ನಷ್ಟು ನೋವಾಗದಂತೆ ಸರಿಪಡಿಸುವುದು. ಎರಡೂ ಕುಡಿದವರ ಕೆಲಸ. ಮಕ್ಕಳು ಮಾಡಬೇಕಾದದ್ದು ಯಾವುದೂ ಅದರಲ್ಲಿಲ್ಲ. ಅಪ್ಪ ಒಂದು ಬೆಳಿಗ್ಗೆ ಚೀಟಿ ಹಿಡಿದು ಓದಿದರು. ಚೀಟಿಯಲ್ಲಿ ಹಂಡೆ ಇತ್ತು, ಮಣಿಕಟ್ಟು ಇರಲಿಲ್ಲ. ನಾನು ಅದನ್ನು ನೆನಪಿಸಿದೆ, ಅವರು ಅಲ್ಲಿಯೇ ಬರೆದುಕೊಂಡರು. ‘ಕೇಳಿಸಿಕೊಂಡೆ ಅಪ್ಪಾ’ ಎಂದಷ್ಟೇ ಹೇಳಿದೆ. ಅವರೂ ಹೆಚ್ಚಿಗೆ ಕೇಳಲಿಲ್ಲ. ಮಣಿಕಟ್ಟನ್ನು ಕ್ಷಮಿಸುವ ಅಧಿಕಾರ ಅಮ್ಮನದು, ಅವರು ಎಂದೋ ಕ್ಷಮಿಸಿದ್ದಾರೆ. ತಂಗಿ ಅಪ್ಪನೊಡನೆ ಮಾತು ಬಿಟ್ಟಿದ್ದಾಳೆ, ಅವಳ ಪಾಲಿನ ಖರ್ಚನ್ನು ನಾನು ಕೇಳುವುದಿಲ್ಲ.

ಈಚೆಗೆ ಅಪ್ಪ ಉಳಿ, ಗರಗಸ ಬೇಕೆಂದರು. ಹಳೆಯವನ್ನು ನಾಲ್ಕು ಸಾವಿರದೊಳಗೆ ಕೊಡಿಸಿದೆ, ಕೆಲಸ ಕೊಡುವವರು ಕೂಲಿಯನ್ನು ಮೆಸ್ಸಿನ ಲೆಕ್ಕಕ್ಕೆ ಕಟ್ಟಬೇಕೆಂಬ ಷರತ್ತಿನ ಮೇಲೆ. ಅಪ್ಪ ಸ್ವಲ್ಪ ಮುನಿಸಿಕೊಂಡು ಒಪ್ಪಿದರು. ವಾರಕ್ಕೆ ಇನ್ನೂರು ರೂಪಾಯಿಯನ್ನಾದರೂ ಕೈಗೆ ಕೊಡು ಎಂದು ಅಮ್ಮ ಹೇಳುತ್ತಿದ್ದಾರೆ. ನಾನು ಇನ್ನೂ ಒಪ್ಪಿಲ್ಲ.