ಸೈನ್ಯ ಅದೇ, ಆಟ ಬೇರೆ: ಮಿನಿಯೇಚರ್ ಯುದ್ಧದಾಟ ಬದಲಿಸುವುದು ಹೀಗೆ

ಚೌಕಾಬಾರ ಆಡಿದವರಿಗೆ ಈ ಕಷ್ಟ ಗೊತ್ತು. ನಮ್ಮ ಮನೆಯಲ್ಲಿ ಕಾಯಿ ಯಾವಾಗ ಬೇಕಾದರೂ ಒಳಮನೆಗೆ ತಿರುಗಬಹುದು. ಸಾಗರದ ಅತ್ತೆ ಮನೆಯಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಗೆ ಹೋಗುವ ಹಾಗಿಲ್ಲ. ಕವಡೆ ಅವೇ, ಮಣೆ ಅದೇ. ಆದರೂ ಮೊದಲ ಅರ್ಧ ಗಂಟೆ ಬರೀ ಜಗಳ.

ಮಿನಿಯೇಚರ್ ಯುದ್ಧದಾಟದಲ್ಲೂ ಇದೇ ಕಥೆ, ಖರ್ಚು ಮಾತ್ರ ಜಾಸ್ತಿ. ಗೊತ್ತಿಲ್ಲದವರಿಗೆ ಎರಡು ಮಾತು: ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸೈನಿಕರನ್ನು ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಟೇಪು ಹಿಡಿದು ಅಳೆದು ನಡೆಸುವ ಆಟ ಇದು. ಗುರಿ ತಾಗಿತೋ ಇಲ್ಲವೋ ಎಂದು ಹೇಳುವುದು ದಾಳ. ಇವುಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ವಾರ್‌ಹ್ಯಾಮರ್ 40,000. ಇಂಗ್ಲೆಂಡಿನಲ್ಲಿ 1987ರಲ್ಲಿ ಶುರುವಾದ ಆಟ. ಈಚೆಗೆ 2017, 2020, 2023 ಎಂದು ಮೂರು ವರ್ಷಕ್ಕೊಂದು ಹೊಸ ಆವೃತ್ತಿ ಬಂದಿದೆ. ಪ್ರತಿ ಸಲವೂ ಹೊಸ ಪುಸ್ತಕ, ಹೊಸ ಲೆಕ್ಕ. ಹೀಗೆ ಬೇಸತ್ತವರು, ಅಥವಾ ಸುಮ್ನೆ ರುಚಿ ಬದಲಾಗಲಿ ಎನ್ನುವವರು, ಬೇರೆ ಆಟದ ಕಡೆ ನೋಡುತ್ತಾರೆ. ಆಗ ಕೈಯಲ್ಲಿರುವ ಸೈನ್ಯವನ್ನು ಏನು ಮಾಡುವುದು? ಮಾರಬೇಡಿ. ಮುಂದೆ ಓದಿ.

ಮೊದಲು ಎದುರಿಗೆ ಕೂರುವವರನ್ನು ಕೇಳಿ

ಆಟ ಬದಲಿಸುವುದು ಎಂದರೆ ಹೊಸ ಪುಸ್ತಕ ಕೊಳ್ಳುವುದು ಎಂದು ಹೆಚ್ಚಿನವರು ತಿಳಿಯುತ್ತಾರೆ. ಬೆಂಗಳೂರಿನಲ್ಲಿ ಅದು ನಡೆದೀತು. ಶಿವಮೊಗ್ಗದಲ್ಲಿ ಗೊಂಬೆ ಸಿಗುತ್ತದೆ, ಬಣ್ಣ ಸಿಗುತ್ತದೆ, ಎದುರಾಳಿ ಸಿಗುವುದಿಲ್ಲ. ನಮ್ಮ ಗುಂಪಿನಲ್ಲಿ ನಾವು ನಾಲ್ಕೇ ಜನ. ಅದರಲ್ಲೊಬ್ಬರು ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬರಬೇಕು, ಅಡಿಕೆ ಕೊಯ್ಲಿನ ಸಮಯದಲ್ಲಿ ಅವರ ಮುಖವೇ ಕಾಣುವುದಿಲ್ಲ. ಇಂಥ ಊರಿನಲ್ಲಿ ಒಬ್ಬರೇ ಆಟ ಬದಲಿಸಿದರೆ ಅದು ಬದಲಾವಣೆ ಅಲ್ಲ, ಸನ್ಯಾಸ.

ಹಾಗಾಗಿ ಮೊದಲು ಒಂದು ಸಂಜೆ ಕೂತು, ಈಗಿನ ಆಟದಲ್ಲಿ ಯಾರಿಗೆ ಏನು ಬೇಜಾರು ಎಂದು ಕೇಳಿ. ಉತ್ತರ ಬೇರೆ ಬೇರೆ ಬರುತ್ತದೆ. "ನಾಲ್ಕು ಗಂಟೆ ಕೂರೋಕಾಗಲ್ಲ" ಎನ್ನುವವರಿಗೆ ಚಿಕ್ಕ ಆಟ ಬೇಕು. "ನಿನ್ನ ಸರದಿ ಮುಗಿಯೋ ತನಕ ನಾನು ಮೊಬೈಲ್ ನೋಡ್ತಾ ಕೂರಬೇಕು" ಎನ್ನುವವರಿಗೆ ಸರದಿಯ ಕ್ರಮವೇ ಬೇರೆ ಇರುವ ಆಟ ಬೇಕು. ದುಡ್ಡಿನ ತೊಂದರೆಗೆ ಸುಲಭ ಮದ್ದಿದೆ. ಒನ್ ಪೇಜ್ ರೂಲ್ಸ್ ಎಂಬ ತಂಡದ ಆಟಗಳ ಮೂಲ ನಿಯಮಗಳು ಉಚಿತ. ಯಾವ ಕಂಪನಿಯ ಗೊಂಬೆ ಇಟ್ಟರೂ ಅವರಿಗೆ ಬೇಸರವಿಲ್ಲ.

ಪೆಟ್ಟಿಗೆ ತೆರೆದು ಎಣಿಸಿ

ಎಷ್ಟು ಸೈನಿಕರಿದ್ದಾರೆ, ಎಷ್ಟು ಕುದುರೆ, ಎಷ್ಟು ದೊಡ್ಡ ಪ್ರಾಣಿ. ಕಾಗದದ ಮೇಲೆ ಬರೆಯಿರಿ. ಫ್ರಾಸ್ಟ್‌ಗ್ರೇವ್ ಆಟಕ್ಕೆ ಒಬ್ಬ ಮಾಂತ್ರಿಕ, ಅವನ ಶಿಷ್ಯ ಮತ್ತು 8 ಸೈನಿಕರು, ಒಟ್ಟು 10 ಗೊಂಬೆ ಸಾಕು. ಡಿಬಿಎ ಎಂಬ ಹಳೆಯ ಚರಿತ್ರೆಯ ಆಟಕ್ಕೆ 12 ಬೇಸ್ (ಸೈನಿಕರನ್ನು ಅಂಟಿಸಿದ ಬಿಲ್ಲೆ) ಇದ್ದರೆ ಒಂದು ಪೂರ್ತಿ ಸೈನ್ಯ. ಕಿಂಗ್ಸ್ ಆಫ್ ವಾರ್ ಮಾತ್ರ ಜಾತ್ರೆ ಇದ್ದ ಹಾಗೆ: ಕಾಲಾಳುಗಳ ಒಂದು ರೆಜಿಮೆಂಟಿಗೇ 20 ಜನ, ಹೋರ್ಡ್ ಎಂದರೆ 40. ನಿಮ್ಮ ಪಟ್ಟಿಯೇ ಯಾವ ಆಟ ಎಂದು ಅರ್ಧ ಹೇಳಿಬಿಡುತ್ತದೆ.

ಗೊಂಬೆಯ ಎತ್ತರವನ್ನೂ ನೋಡಿ. 28 ಮಿಲಿಮೀಟರ್ ಸೈನಿಕರ ಪಕ್ಕದಲ್ಲಿ 15 ಮಿಲಿಮೀಟರಿನವರನ್ನು ನಿಲ್ಲಿಸಿದರೆ ಅಪ್ಪ ಮಕ್ಕಳ ಹಾಗೆ ಕಾಣುತ್ತಾರೆ.

ಬೇಸ್: ಇಲ್ಲೇ ಎಲ್ಲರೂ ಎಡವುವುದು

ಗೊಂಬೆಯ ಕಾಲ ಕೆಳಗಿನ ಬಿಲ್ಲೆಗೆ ಬೇಸ್ ಎನ್ನುತ್ತಾರೆ. ಕೆಲವು ಆಟಗಳಲ್ಲಿ ಅದು ಗುಂಡಗೆ, ಕೆಲವದರಲ್ಲಿ ಚೌಕ. ಸೈನಿಕರು ಬಿಡಿಬಿಡಿಯಾಗಿ ಓಡಾಡುವ ಆಟಕ್ಕೆ ಗುಂಡು ಬೇಸ್, ಸಾಲುಗಟ್ಟಿ ನಡೆಯುವ ಆಟಕ್ಕೆ ಚೌಕ. ಈ ಜಗಳಕ್ಕೆ ಒಂದು ತಾರೀಕೂ ಇದೆ. 1983ರಿಂದ ಇದ್ದ ವಾರ್‌ಹ್ಯಾಮರ್ ಫ್ಯಾಂಟಸಿ ಚೌಕದ ಆಟ. 2015ರಲ್ಲಿ ವಾರ್‌ಹ್ಯಾಮರ್ ಕಂಪನಿ ಅದನ್ನು ನಿಲ್ಲಿಸಿ, ಗುಂಡು ಬೇಸಿನ ಏಜ್ ಆಫ್ ಸಿಗ್ಮರ್ ತಂದಿತು. ಲೋಕದ ತುಂಬ ಆಟಗಾರರು ಚಾಕು ಹಿಡಿದು ಬೇಸ್ ಕೀಳಲು ಕೂತರು.

ನಾನೂ ಕೂತೆ. ಮೊದಲ ಸಂಜೆಯೇ ಮೂರು ಈಟಿಗಾರರ ಪಾದ ಮುರಿಯಿತು. ನಿಮಗೆ ಹಾಗಾಗದಿರಲಿ.

ಕೀಳಲೇಬೇಕು ಎಂದಿದ್ದರೆ ಮೊದಲು ಯಾವ ಅಂಟು ಎಂದು ನೆನಪು ಮಾಡಿಕೊಳ್ಳಿ. ಸೂಪರ್ ಗ್ಲೂ ಹಾಕಿದ್ದರೆ ಗೊಂಬೆಯನ್ನು ಕವರಿನಲ್ಲಿ ಸುತ್ತಿ ಎರಡು ಮೂರು ಗಂಟೆ ಫ್ರೀಜರಿನಲ್ಲಿಡಿ. ಚಳಿಗೆ ಆ ಅಂಟು ಪೆಡಸಾಗುತ್ತದೆ, ಸ್ವಲ್ಪ ತಿರುಚಿದರೆ ಟಕ್ಕೆಂದು ಬಿಡುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ. ಐಸ್‌ಕ್ರೀಂ ಹುಡುಕಲು ಹೋದವರ ಕೈಗೆ ಸತ್ತವರ ಸೈನ್ಯ ಸಿಕ್ಕರೆ ಚೆನ್ನಾಗಿರುವುದಿಲ್ಲ. ಪ್ಲಾಸ್ಟಿಕ್ ಸಿಮೆಂಟ್ ಹಾಕಿದ್ದರೆ ಫ್ರೀಜರ್ ಉಪಯೋಗಕ್ಕೆ ಬಾರದು. ಅದು ಅಂಟಿಸುವುದಿಲ್ಲ, ಎರಡೂ ಪ್ಲಾಸ್ಟಿಕ್ ಕರಗಿಸಿ ಒಂದೇ ಮಾಡಿಬಿಡುತ್ತದೆ. ಅಲ್ಲಿ ಕೀಳುವ ಆಸೆ ಬಿಟ್ಟು, ಬೇಸನ್ನೇ ಕಟ್ಟರಿನಿಂದ ಪಾದದ ಸುತ್ತ ಕತ್ತರಿಸಿ ತೆಗೆಯಿರಿ.

ಆದರೆ ನನ್ನ ಸಲಹೆ ಕೇಳಿದರೆ ಕೀಳಲೇಬೇಡಿ. ಗೊಂಬೆಗಳನ್ನು ಬೇಸ್ ಸಮೇತ ಸಾಲಾಗಿ ನಿಲ್ಲಿಸಿ ಒಟ್ಟಿಗೆ ಸರಿಸುವ ಟ್ರೇ ಮಾಡಿ. ಇದಕ್ಕೆ ಬೇಕಾದ್ದು ಸನ್‌ಬೋರ್ಡ್ ತುಂಡು. ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಚೂರುಪಾರು ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ನಮ್ಮ ಕಡೆ ಎಂಡಿಎಫ್ ಹಲಗೆ ಬೇಡ. ಜುಲೈ ಕಳೆಯುವಷ್ಟರಲ್ಲಿ ನೀರು ಕುಡಿದು ಹಪ್ಪಳದ ಹಾಗೆ ಏಳುತ್ತದೆ. ಸನ್‌ಬೋರ್ಡಿಗೆ ಆ ತೊಂದರೆ ಇಲ್ಲ.

ಕಿಂಗ್ಸ್ ಆಫ್ ವಾರ್ ಉದಾಹರಣೆ ತೆಗೆದುಕೊಳ್ಳಿ. 20 ಮಿಲಿಮೀಟರ್ ಚೌಕದ 20 ಕಾಲಾಳುಗಳು ಐದೈದರಂತೆ ನಾಲ್ಕು ಸಾಲು ನಿಂತರೆ ಒಟ್ಟು ಜಾಗ 100 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಅದೇ ಅಳತೆಯ ಟ್ರೇ ಕತ್ತರಿಸಿ. ನಿಮ್ಮಲ್ಲಿರುವುದು 25 ಮಿಲಿಮೀಟರಿನ ಗುಂಡು ಬೇಸ್ ಆದರೆ ನಾಲ್ಕರಂತೆ ಮೂರು ಸಾಲು, ಅಂದರೆ 12 ಗೊಂಬೆ ಅದರಲ್ಲಿ ಕೂರುತ್ತವೆ. 20 ಎಲ್ಲಿ, 12 ಎಲ್ಲಿ ಎಂದು ಗಾಬರಿ ಬೇಡ. ಈ ಆಟದಲ್ಲಿ ಸೈನಿಕರು ಒಬ್ಬೊಬ್ಬರಾಗಿ ಸಾಯುವುದಿಲ್ಲ, ಪೆಟ್ಟೆಲ್ಲ ಇಡೀ ತುಕಡಿಯ ಲೆಕ್ಕಕ್ಕೆ. ಟ್ರೇ ಅಳತೆ ಸರಿ ಇದ್ದು, ಅರ್ಧಕ್ಕಿಂತ ಜಾಸ್ತಿ ಗೊಂಬೆ ಇದ್ದರೆ ನಡೆಯುತ್ತದೆ. ಉಳಿದ ಜಾಗದಲ್ಲಿ ಒಂದು ಕಲ್ಲು, ಒಂದು ಮುರಿದ ಗಾಡಿ ಇಡಿ. ಚೆನ್ನಾಗಿ ಒಣಗಿಸಿದ ಅಡಿಕೆ ಸಿಪ್ಪೆಯ ನಾರು ಕತ್ತರಿಸಿ ಅಂಟಿಸಿದರೆ ಒಣಹುಲ್ಲು.

ಗೊಂಬೆ ಟ್ರೇಯಿಂದ ಜಾರದಿರಲು ಮ್ಯಾಗ್ನೆಟ್ ಬೇಕು. 5 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ನಿಯೋಡಿಮಿಯಂ ಚೂರು ಬೇಸಿನ ಅಡಿಗೆ, ತೆಳು ತಗಡು ಟ್ರೇ ಮೇಲೆ. ತಗಡು ತರಲು ಗಾಂಧಿ ಬಜಾರಿಗೆ ಹೋಗುವಾಗ ಒಂದು ಮ್ಯಾಗ್ನೆಟ್ ಜೇಬಿನಲ್ಲಿರಲಿ. ಸ್ಟೀಲ್ ಎಂದ ಮಾತ್ರಕ್ಕೆ ಹಿಡಿಯುವುದಿಲ್ಲ. ನಮ್ಮ ಅಡುಗೆಮನೆಯ ಎಷ್ಟೋ ಸ್ಟೀಲ್ ಪಾತ್ರೆಗಳಿಗೆ ಮ್ಯಾಗ್ನೆಟ್ ಅಂಟುವುದೇ ಇಲ್ಲ. ನಾನು ಇದನ್ನು ತಿಳಿದದ್ದು ಎರಡು ಅಡಿ ತಗಡು ಕೊಂಡು ಮನೆಗೆ ಬಂದ ಮೇಲೆ.

ಮ್ಯಾಗ್ನೆಟ್ಟಿನಿಂದ ಇನ್ನೊಂದು ಲಾಭವಿದೆ. ಅಜ್ಜನ ಕಾಲದ ಕಬ್ಬಿಣದ ಟ್ರಂಕು ಇದ್ದರೆ ಸೈನ್ಯ ಅದರ ತಳಕ್ಕೇ ಕಚ್ಚಿ ನಿಲ್ಲುತ್ತದೆ. ಮಂಡಗದ್ದೆ ರಸ್ತೆಯ ತಿರುವುಗಳಲ್ಲಿ ಬಸ್ಸು ಎಷ್ಟು ವಾಲಿದರೂ ನಮ್ಮ ತೀರ್ಥಹಳ್ಳಿ ಗೆಳೆಯರ ಒಬ್ಬ ಬಿಲ್ಲುಗಾರನೂ ಬೀಳುವುದಿಲ್ಲ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮೇಲಿನ ಲೇಪ ಕಿತ್ತುಹೋದರೆ ನಿಯೋಡಿಮಿಯಂ ಬೇಗ ತುಕ್ಕು ಹಿಡಿಯುತ್ತದೆ.

ಹೊಸ ಬೇಸಿಗೆ ಬಣ್ಣ ಹಚ್ಚುವವರಿಗೆ ಒಂದೇ ಎಚ್ಚರಿಕೆ: ಮಳೆಗಾಲದಲ್ಲಿ ಸ್ಪ್ರೇ ವಾರ್ನಿಷ್ ಮುಟ್ಟಬೇಡಿ. ಗಾಳಿಯ ತೇವಕ್ಕೆ ಅದು ಬೆಳ್ಳಗಾಗುತ್ತದೆ. ಎರಡು ತಿಂಗಳು ಕೂತು ಬಣ್ಣ ಹಚ್ಚಿದ ತುಕಡಿ ಆಗುಂಬೆ ಘಾಟಿಯ ಮಂಜಿನಲ್ಲಿ ನಿಂತ ಹಾಗೆ ಆಯಿತು ನನ್ನದು. ಬ್ರಶ್ಶಿನಲ್ಲಿ ಹಚ್ಚುವ ಅಕ್ರಿಲಿಕ್ ವಾರ್ನಿಷ್ ಬಳಸಿ, ಇಲ್ಲವೇ ದೀಪಾವಳಿವರೆಗೆ ಕಾಯಿರಿ.

ಮೇಜು

ಇದು ಸುಲಭ. ಕೇರಂ ಬೋರ್ಡಿನ ಆಡುವ ಜಾಗ ಹೆಚ್ಚುಕಮ್ಮಿ 29 ಇಂಚು ಚೌಕ. ಎರಡು ಅಡಿ ಚೌಕದಲ್ಲಿ ಆಡುವ 15 ಮಿಲಿಮೀಟರಿನ ಡಿಬಿಎ ಅದರಲ್ಲಿ ಆರಾಮಾಗಿ ಹಿಡಿಯುತ್ತದೆ, ಚಿಕ್ಕ ಫ್ರಾಸ್ಟ್‌ಗ್ರೇವ್ ಕೂಡ. ಸುತ್ತ ಕಟ್ಟೆ ಇರುವುದರಿಂದ ದಾಳ ಮಂಚದ ಕೆಳಗೆ ಹೋಗುವುದಿಲ್ಲ. ದೊಡ್ಡ ಆಟಕ್ಕೆ ಟೇಬಲ್ ಟೆನಿಸ್ ಮೇಜಿನ ಅರ್ಧ ಸಾಕು: ಅದು 54 ಇಂಚು ಅಗಲ, 60 ಇಂಚು ಉದ್ದ. ವಾರ್‌ಹ್ಯಾಮರ್ 40,000ದ ಮಾಮೂಲಿ ಪಂದ್ಯಕ್ಕೆ ಬೇಕಾದ್ದು 44 ಇಂಚು, 60 ಇಂಚು. ಪಕ್ಕದಲ್ಲಿ ಕಾಫಿ ಲೋಟ ಇಡಲೂ ಜಾಗ ಉಳಿಯಿತು.

ಹಳೆಯದನ್ನು ಮರೆಯುವುದು

ಹೊಸ ನಿಯಮ ಕಲಿಯುವುದು ಒಂದು ವಾರದ ಕೆಲಸ. ಹಳೆಯದು ಕೈಯಿಂದ ಹೋಗುವುದಕ್ಕೆ ತಿಂಗಳುಗಳೇ ಬೇಕು. ಮೂರು ಕಡೆ ಕೈ ತಪ್ಪುತ್ತದೆ.

ಒಂದು, ಸರದಿ. ವಾರ್‌ಹ್ಯಾಮರಿನಲ್ಲಿ ನನ್ನ ಇಡೀ ಸೈನ್ಯ ನಡೆದು, ಹೊಡೆದು ಮುಗಿದ ಮೇಲೆ ನಿಮ್ಮದು. ಒನ್ ಪೇಜ್ ರೂಲ್ಸ್‌ನಲ್ಲಿ ನನ್ನ ಒಂದು ತುಕಡಿ, ನಿಮ್ಮ ಒಂದು ತುಕಡಿ. ಎರಡನೇ ಮಹಾಯುದ್ಧದ ಆಟ ಬೋಲ್ಟ್ ಆಕ್ಷನ್ನಿನಲ್ಲಂತೂ ಇಬ್ಬರ ದಾಳಗಳನ್ನೂ ಒಂದೇ ಚೀಲಕ್ಕೆ ಹಾಕಿ ಕಣ್ಣು ಮುಚ್ಚಿ ತೆಗೆಯಬೇಕು. ಯಾರ ಬಣ್ಣ ಬಂತೋ ಅವರು ಒಂದು ತುಕಡಿಗೆ ಅಪ್ಪಣೆ ಕೊಡಬಹುದು. ಸತತ ಮೂರು ಸಲ ಎದುರಾಳಿಯ ಬಣ್ಣವೇ ಬಂದಾಗ ಹೊಟ್ಟೆ ಉರಿಯುತ್ತದೆ. ಹಳೆಯ ಆಟದ ಹಾಗೆ "ಮೊದಲು ಇದು, ಆಮೇಲೆ ಅದು" ಎಂದು ಲೆಕ್ಕ ಹಾಕಿದವರು ಇಲ್ಲಿ ಸೋಲುತ್ತಾರೆ. ಈ ಕ್ಷಣಕ್ಕೆ ಯಾವುದು ತುರ್ತು ಎಂಬ ಒಂದೇ ಪ್ರಶ್ನೆ ಕೇಳಿಕೊಳ್ಳಿ.

ಎರಡು, ದಾಳ. 40,000ದಲ್ಲಿ ಒಂದು ಗುಂಡು ಹಾರಿಸಿದರೆ ಮೂರು ಮೆಟ್ಟಿಲು: ತಾಗಿತೇ, ಗಾಯವಾಯಿತೇ, ಕವಚ ಉಳಿಸಿತೇ. ಮೂರನೆಯದನ್ನು ಎದುರಾಳಿ ಉರುಳಿಸುತ್ತಾರೆ. ಕಿಂಗ್ಸ್ ಆಫ್ ವಾರ್‌ನಲ್ಲಿ ಮೂರನೆಯ ಮೆಟ್ಟಿಲೇ ಇಲ್ಲ. ಎಲ್ಲ ದಾಳವನ್ನೂ ಹೊಡೆಯುವವರೇ ಹಾಕುತ್ತಾರೆ, ಹೊಡೆಸಿಕೊಳ್ಳುವವರು ಎದ್ದು ಹೋಗಿ ಕಾಫಿ ಮಾಡಿಕೊಂಡು ಬರಬಹುದು. ಆದರೂ ಮೊದಮೊದಲು ಕೈ ತಾನಾಗಿಯೇ ದಾಳ ಎತ್ತಿಕೊಳ್ಳುತ್ತದೆ. ನಾವು ಇದಕ್ಕೆ ಶಿಕ್ಷೆ ಇಟ್ಟಿದ್ದೆವು: ಸುಮ್ಮನೆ ದಾಳ ಎತ್ತಿದವರು ಮುಂದಿನ ವಾರದ ಮಂಡಕ್ಕಿ ಖರ್ಚು ಕೊಡಬೇಕು. ಎರಡೇ ವಾರದಲ್ಲಿ ಚಟ ಬಿಟ್ಟಿತು.

ಮೂರು, ಹೆಸರು. ನಿಮ್ಮ ಹಳೆಯ ಆಟದ ಮಹಾವೀರ ಹೊಸದರಲ್ಲಿ ಬರೀ ಒಬ್ಬ ಸುಬೇದಾರ ಆಗಿರಬಹುದು. "ಇವನು ಅಲ್ಲಿ ರಾಕ್ಷಸನನ್ನೇ ಕೊಂದಿದ್ದ" ಎಂದು ವಾದಿಸಬೇಡಿ. ಯಾವ ಗೊಂಬೆ ಯಾವುದಕ್ಕೆ ಸಮ ಎಂದು ಆಟಕ್ಕೆ ಮೊದಲೇ ಚೀಟಿ ಬರೆದು ಎದುರಾಳಿಗೆ ಕೊಡಿ. ಈಟಿ ಹಿಡಿದವರು ಎಲ್ಲ ಆಟದಲ್ಲೂ ಈಟಿಗಾರರಾಗಿಯೇ ಇರಲಿ. ಈಟಿಯವರನ್ನು ಬಂದೂಕಿನವರು ಎಂದುಕೊಳ್ಳಿ ಎಂದರೆ ಮೂರನೇ ಸುತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಮೊದಲ ಮೂರು ಪಂದ್ಯ

ಅರ್ಧ ಸೈನ್ಯದಲ್ಲಿ ಆಡಿ. ಮೂರೂ ಪಂದ್ಯಕ್ಕೆ ಅದೇ ಸೈನ್ಯ, ಅದೇ ಎದುರಾಳಿ. ಮಂತ್ರ, ವಿಶೇಷ ಶಕ್ತಿ ಎಲ್ಲ ಮೂರನೆಯದಕ್ಕೆ ಇಟ್ಟುಕೊಳ್ಳಿ. ಬೇಕಾದ ಅಂಕಿಗಳನ್ನು ಒಂದು ಹಾಳೆಯಲ್ಲಿ ನಿಮ್ಮ ಕೈಯಿಂದಲೇ ಬರೆಯಿರಿ. ಪ್ರಿಂಟ್ ತೆಗೆದದ್ದು ತಲೆಗೆ ಹೋಗುವುದಿಲ್ಲ, ನನಗಂತೂ ಹೋಗಲಿಲ್ಲ. ಆಟದ ನಡುವೆ ಅನುಮಾನ ಬಂದರೆ ಪುಸ್ತಕ ತೆಗೆಯಬೇಡಿ. ದಾಳ ಹಾಕಿ ತೀರ್ಮಾನ ಮಾಡಿ, ಹಾಳೆಯ ಹಿಂದೆ ಗುರುತು ಹಾಕಿಕೊಂಡು ಮನೆಗೆ ಹೋಗಿ ಓದಿ. ಮೂರು ಪಂದ್ಯದ ಮೇಲೂ ಯಾರಿಗೂ ಹಿಡಿಸಲಿಲ್ಲ ಎಂದರೆ ಇನ್ನೊಂದು ಆಟ ನೋಡಿ. ಟ್ರೇ ಮಾಡಿದವರಿಗೆ ನಷ್ಟವೇನೂ ಇಲ್ಲ ಅಲ್ವಾ, ಗೊಂಬೆ ಎತ್ತಿಕೊಂಡರೆ ಆಯಿತು.

ಕಿತ್ತದ್ದನ್ನು ಎಸೆಯಬೇಡಿ

ಹಳೆಯ ಪುಸ್ತಕ, ಹಳೆಯ ಬೇಸ್ ಎಲ್ಲ ಕಟ್ಟಿಡಿ. 2015ರಲ್ಲಿ ನಿಂತ ಆ ಚೌಕದ ಆಟ 2024ರ ಜನವರಿಯಲ್ಲಿ ಓಲ್ಡ್ ವರ್ಲ್ಡ್ ಎಂಬ ಹೆಸರಿನಲ್ಲಿ ತಿರುಗಿ ಬಂತು. ನಮ್ಮ ಗುಂಪಿನ ಹಿರಿಯರೊಬ್ಬರು ಅಂದು ಕಿತ್ತ ಚೌಕ ಬೇಸುಗಳನ್ನು ಉಪ್ಪಿನಕಾಯಿ ಜಾಡಿಯಲ್ಲಿ ತುಂಬಿ ಅಟ್ಟದ ಮೇಲಿಟ್ಟಿದ್ದರು. ಸುದ್ದಿ ಬಂದ ದಿನ ಏಣಿ ಹಾಕಿ ಜಾಡಿ ಇಳಿಸಿದರು. ನಮ್ಮೆಲ್ಲರ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಆಮೇಲೆ ಹೊಸ ನಿಯಮ ಓದಿದೆವು. ಮನುಷ್ಯ ಕಾಲಾಳುಗಳ ಬೇಸ್ ಈಗ 25 ಮಿಲಿಮೀಟರ್. ಜಾಡಿಯಲ್ಲಿದ್ದದ್ದೆಲ್ಲ 20. ಈಗ ಪ್ರತಿ ಭಾನುವಾರ ಬಂದು, ಒಂದೊಂದು ಬೇಸಿನ ಅಂಚಿಗೂ ಸನ್‌ಬೋರ್ಡ್ ಪಟ್ಟಿ ಅಂಟಿಸುತ್ತ ಕೂರುತ್ತಾರೆ. ಅರವತ್ತು ಮುಗಿದಿದೆ, ಇನ್ನೂ ನೂರಿಪ್ಪತ್ತು ಬಾಕಿ.